ಸಂಡಿಗೆಗೆ ಬೇಕಾದ ಬಿಸಿಲು

ಶಿವರಾತ್ರಿ ಕಳೆದ ಮೇಲೆ ಯುಗಾದಿಯವರೆಗೆ ವಿಜಯನಗರದ ನಮ್ಮ ಮನೆಯ ತಾರಸಿ ನನ್ನ ಹೆಂಡತಿಯದು. ಮದುವೆಯಾದ ಹೊಸತರಲ್ಲೇ ಆದ ಒಪ್ಪಂದ. ಆ ದಿನಗಳಲ್ಲಿ ನಾನು ಅಲ್ಲಿ ಬಟ್ಟೆ ಒಣಗಿಸುವ ಹಾಗಿಲ್ಲ, ಪೇಪರ್ ಹಿಡಿದು ಕೂರುವ ಹಾಗಿಲ್ಲ. ಕಾಗೆ ಓಡಿಸುವುದಕ್ಕಾದರೆ ಮಾತ್ರ ಮೆಟ್ಟಿಲು ಹತ್ತಬಹುದು. ಅವಳು ಅಲ್ಲಿ ಅರಳು ಸಂಡಿಗೆ ಇಡುತ್ತಿದ್ದಳು. ಅರಳನ್ನು ನೆನೆಸಿ, ಹಿಂಡಿ, ತುರಿದ ಬೂದುಗುಂಬಳಕಾಯಿ, ಹಸಿಮೆಣಸಿನಕಾಯಿ, ಇಂಗು, ಉಪ್ಪು ಸೇರಿಸಿ, ನನ್ನ ಹಳೆಯ ಪಂಚೆಯ ಮೇಲೆ ಸಣ್ಣ ಸಣ್ಣ ಉಂಡೆಯಾಗಿ ಇಟ್ಟು ಬಿಸಿಲಿಗೆ ಬಿಡುವುದು. ಹೇಳುವುದಕ್ಕೆ ಇಷ್ಟೇ. ಆದರೆ ಒಣಗುವ ಮುಂಚೆ ಒಂದು ಮಳೆ ಬಿದ್ದರೆ ಮುಗಿಯಿತು. ಅರಳು ನೀರು ಕುಡಿದು ಮಾರನೆಯ ದಿನಕ್ಕೆ ಹುಳಿ ವಾಸನೆ ಹೊಡೆಯುತ್ತದೆ.

ಆಗೆಲ್ಲ ಆ ಭಯವಿರಲಿಲ್ಲ. ಮಳೆಗೆ ಒಂದು ಮರ್ಯಾದೆ ಇತ್ತು. ಯುಗಾದಿ ಮುಗಿದು ಜನ ಸೆಕೆ ಸೆಕೆ ಎಂದು ಗೊಣಗಲು ಶುರುಮಾಡಿದ ಮೇಲೆ ಸಂಜೆ ಹೊತ್ತು ಗುಡುಗಿ ಬರುತ್ತಿತ್ತು, ನೆಲ ತಣಿಸಿ ಹೋಗುತ್ತಿತ್ತು. ನಮ್ಮ ಬೀದಿಯ ಹೆಂಗಸರು ಪಂಚಾಂಗ ನೋಡಿ, ಅದಕ್ಕಿಂತ ಮೊದಲೇ ಸಂಡಿಗೆ ಡಬ್ಬಿಗೆ ತುಂಬಿ ಮುಚ್ಚಳ ಹಾಕಿರುತ್ತಿದ್ದರು.

ಇದು ಯಾವಾಗ ಕೆಟ್ಟಿತು ಎಂದು ಖಚಿತವಾಗಿ ಹೇಳಲಾರೆ. ದೀಪಾವಳಿಗೆ ನಿಲ್ಲಬೇಕಾದ ಮಳೆ ಧನುರ್ಮಾಸದಲ್ಲೂ ಸುರಿಯತೊಡಗಿತು. ಆಷಾಢದಲ್ಲಿ ಬರೀ ಗಾಳಿ. ಒಂದು ಸಂಜೆ ದೀಪಾಂಜಲಿ ನಗರದಲ್ಲಿ ಮೊಣಕಾಲುದ್ದ ನೀರಿನಲ್ಲಿ ಸ್ಕೂಟರ್ ತಳ್ಳಿಕೊಂಡು ಬಂದು ಅಲ್ಲಿಂದ ಸ್ವಲ್ಪವೇ ಆಚೆಯ ಮಲ್ಲತ್ತಹಳ್ಳಿಯ ನಾದಿನಿಗೆ ಫೋನ್ ಮಾಡಿದರೆ, "ಮಳೆನಾ? ಇಲ್ಲಿ ಒಂದ್ ಹನೀನೂ ಇಲ್ವಲ್ಲ ಭಾವ" ಎಂದಳು. ಇನ್ನೊಂದು ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಟ್ಟು, ಟ್ಯಾಂಕರ್ ನೀರನ್ನು ಚೊಂಬು ಲೆಕ್ಕದಲ್ಲಿ ಬಳಸುವಾಗ ಅರಳು ನೆನೆಸುವ ಮಾತೇ ಬರಲಿಲ್ಲ. ಬೀದಿಯ ತಾರಸಿಗಳು ಒಂದೊಂದಾಗಿ ಸಂಡಿಗೆ ಬಿಟ್ಟವು.

"ಅಂಗಡೀಲಿ ಪ್ಯಾಕೆಟ್ ಸಿಗುತ್ತಲ್ಲ ಕಣೇ" ಎಂದೆ ಒಮ್ಮೆ.

"ಹೆಂಡ್ತೀನೂ ಸಿಗ್ತಾಳೇನೋ ಕೇಳ್ಕೊಂಡ್ ಬನ್ನಿ" ಎಂದಳು.

ಕೆಂಗೇರಿಗೆ ಮದುವೆಯಾಗಿ ಹೋಗಿದ್ದ ಮಗಳು ಬಸುರಿಯಾದ ಚಳಿಗಾಲದಲ್ಲೇ ನನ್ನ ಹೆಂಡತಿಯ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಗೊತ್ತಾಯಿತು. ಎರಡು ಸುದ್ದಿಯೂ ಒಂದೇ ವಾರ. ಡಾಕ್ಟರು ಹೆಚ್ಚು ಆಸೆ ಕೊಡಲಿಲ್ಲ. ಆಸ್ಪತ್ರೆಯಿಂದ ಬರುವಾಗ ಆಟೋದಲ್ಲಿ ಅವಳು ಬೇರೆ ಏನೂ ಮಾತಾಡಲಿಲ್ಲ. "ಸೀಮಂತಕ್ಕೆ ತವರಿಂದ ಒಂದ್ ಡಬ್ಬಿ ಅರಳು ಸಂಡಿಗೆ ಹೋಗ್ಬೇಕು ಕಣ್ರೀ. ನನ್ ಕೈಯಾರೆ ಇಟ್ಟಿದ್ದೇ ಹೋಗ್ಬೇಕು" ಎಂದಳು. ಅದನ್ನು ನಡೆಸಿಕೊಡುವುದೊಂದೇ ನನ್ನ ಕೈಲಿರುವ ಕೆಲಸ ಎಂದು ಅನಿಸಿತು.

ಕೀಮೋ ಆದ ಮೇಲೆ ಎರಡು ವಾರ ಅವಳು ಮಂಚದಿಂದ ಏಳುತ್ತಿರಲಿಲ್ಲ. ಮುಂದಿನ ಕೀಮೋಗೆ ಮುಂಚಿನ ವಾರ ಸ್ವಲ್ಪ ಗೆಲುವಾಗುತ್ತಿದ್ದಳು. ಅಂದರೆ ಅವಳ ಆ ವಾರಕ್ಕೂ ಆಕಾಶದ ಬಿಸಿಲಿಗೂ ತಾಳೆಯಾಗಬೇಕಿತ್ತು. ಶಿವರಾತ್ರಿ ಕಳೆದ ಮೇಲೆ ಸಿಕ್ಕ ಮೊದಲ ವಾರ ಪೂರ್ತಿ ಮೋಡ. ಬೆಳಗ್ಗೆ ಎದ್ದು ತಾರಸಿಗೆ ಹೋಗಿ ಬರುವುದು, "ಇವತ್ತು ಬೇಡ" ಎನ್ನುವುದು, ಅವಳು ಗೋಡೆಯ ಕಡೆ ತಿರುಗಿ ಮಲಗುವುದು. ಕೀಮೋ ಹಾಕಿಸಿಕೊಂಡು ಬಂದ ಮರುದಿನದಿಂದ ಸುಡುಬಿಸಿಲು. ಅವಳು ಬಕೆಟ್ ಪಕ್ಕದಲ್ಲಿಟ್ಟುಕೊಂಡು ವಾಂತಿ ಮಾಡುತ್ತಿದ್ದರೆ, ಕಿಟಕಿಯಿಂದ ಬಂದು ಹಾಸಿಗೆಯ ಮೇಲೆ ಬಿದ್ದ ಆ ಬಿಸಿಲನ್ನು ಕಂಡು ನನಗೆ ಮೈ ಉರಿಯುತ್ತಿತ್ತು. ಪರದೆ ಎಳೆದುಬಿಡುತ್ತಿದ್ದೆ.

ಎರಡನೆಯ ಸಲ ತಾಳೆಯಾಯಿತು. ಮೊಬೈಲ್‌ನಲ್ಲಿ ಇಡೀ ವಾರಕ್ಕೆ ಸೂರ್ಯನ ಚಿತ್ರವೇ. ಎದುರುಮನೆಯಾಕೆ ಬೂದುಗುಂಬಳಕಾಯಿ ತುರಿದುಕೊಟ್ಟರು. ನನ್ನ ಹೆಂಡತಿ ಕೂದಲಿಲ್ಲದ ತಲೆಗೆ ಸೆರಗು ಸುತ್ತಿ, ಎರಡು ಕಡೆ ಕುಳಿತು ಸುಧಾರಿಸಿಕೊಂಡು ಮೆಟ್ಟಿಲು ಹತ್ತಿದಳು. ಚಾಪೆಯ ಮೇಲೆ ಕುಳಿತು ಒಂದೊಂದೇ ಉಂಡೆ ಇಟ್ಟಳು. ಸಾಲು ಸೊಟ್ಟಗಾದರೆ ತೆಗೆದು ಮತ್ತೆ ಇಟ್ಟಳು. ನಾನು ಕೊಡೆ ಹಿಡಿದುಕೊಂಡು ನಿಂತಿದ್ದೆ. "ಕೊಡೆ ನನಗಲ್ಲಾರೀ, ಕಾಗೆಗೆ ತೋರ್ಸಿ" ಎಂದು ನಕ್ಕಳು. ಅವಳು ನಕ್ಕು ಬಹಳ ದಿನವಾಗಿತ್ತು.

ಮಧ್ಯಾಹ್ನ ಊಟ ಮಾಡಿ ಇಬ್ಬರಿಗೂ ಜೋಂಪು ಹತ್ತಿತು. ತಗಡಿನ ಮೇಲೆ ಕಲ್ಲು ಎಸೆದಂಥ ಸದ್ದಿಗೆ ಎಚ್ಚರವಾಯಿತು. ಆಲಿಕಲ್ಲು. ನಾನು ಮೇಲೆ ಹೋಗುವ ಹೊತ್ತಿಗೆ ಪಂಚೆ ನೀರಲ್ಲಿ ತೇಲುತ್ತಿತ್ತು, ಅರಳು ಗಂಜಿಯಂತಾಗಿ ಮೋರಿಯ ಕಡೆ ಹರಿಯುತ್ತಿತ್ತು. ಬೊಗಸೆಯಲ್ಲಿ ಬಾಚಲು ನೋಡಿದೆ. ತಿರುಗಿದರೆ ಅವಳು ಮೆಟ್ಟಿಲ ಬಾಗಿಲಲ್ಲಿ ನಿಂತಿದ್ದಾಳೆ.

"ಇನ್ನೂ ಯುಗಾದೀನೇ ಬಂದಿಲ್ವಲ್ರೀ" ಎಂದಳು. "ನಾನು ಸರಿಯಾಗೇ ನೋಡಿದ್ದೆ. ಎಷ್ಟ್ ವರ್ಷದಿಂದ ಇಡ್ತಿದೀನಿ, ತಪ್ಪಿದ್ದೇ ಇಲ್ಲ."

"ನಿನ್ ತಪ್ಪಲ್ಲ ಕಣೇ."

ಕಾಯಿಲೆಯ ಹೆಸರು ಕೇಳಿದಾಗ ಅಳದವಳು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಅತ್ತಳು. ನನಗೂ ತಡೆಯಲಾಗಲಿಲ್ಲ. ನೆನೆದುಕೊಂಡೇ ಪಕ್ಕದಲ್ಲಿ ಕುಳಿತೆ.

ಮೂರನೆಯ ಸಲಕ್ಕೆ ಅವಳ ಬೆರಳುಗಳು ಜೋಮು ಹಿಡಿದಂತಾಗಿದ್ದವು, ಲೋಟ ಕೂಡ ಜಾರುತ್ತಿತ್ತು. ಮೆಟ್ಟಿಲು ಹತ್ತುವುದು ಆಗದ ಮಾತು. ನಾನೂ ಎದುರುಮನೆಯಾಕೆಯೂ ಕಲಸಿ ಮಂಚದ ಹತ್ತಿರ ಪಾತ್ರೆ ತಂದೆವು. ಅವಳು ಒಂದಿಷ್ಟು ಹಿಟ್ಟನ್ನು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು.

"ಉಪ್ಪು ಸಾಲ್ದು" ಎಂದಳು.

ಸಂಡಿಗೆಯ ಹಿಟ್ಟಿಗೆ ಉಪ್ಪು ಕಡಿಮೆಯೇ ಇರಬೇಕು. ಒಣಗಿ ಸಣ್ಣದಾದ ಮೇಲೆ ಅದು ಎದ್ದು ಕಾಣುತ್ತದೆ. ಇದನ್ನು ಬೀದಿಗೆಲ್ಲ ಹೇಳಿಕೊಟ್ಟವಳೇ ಅವಳು. ಆದರೆ ಕೀಮೋ ಅವಳ ನಾಲಿಗೆಯನ್ನೇ ಕೊಂದಿತ್ತು. ತಿಂಗಳಿಂದ ಸಾರು ಸಪ್ಪೆ, ಉಪ್ಪಿನಕಾಯಿಯೂ ಸಪ್ಪೆ. ಎದುರುಮನೆಯಾಕೆ ಅವಳ ಬೆನ್ನ ಹಿಂದಿನಿಂದ ನನಗೆ ಬೇಡ ಬೇಡ ಎಂದು ಕೈಯಾಡಿಸಿದರು. ನಾನು ಉಪ್ಪು ಹಾಕಿದೆ. "ಇನ್ನೊಂದ್ ಚೂರು" ಎಂದಳು. ಅದನ್ನೂ ಹಾಕಿದೆ. ಅವಳ ಕೈ ಇಡಲಾರದ ಸಂಡಿಗೆಯಲ್ಲಿ ಅವಳದು ಎನ್ನುವಂಥದ್ದು ಆ ಉಪ್ಪೊಂದೇ ಇತ್ತು. ಅದನ್ನೂ ಬೇಡ ಎನ್ನಲು ನಾನು ಯಾರು?

ಆ ಸಲ ಒಂದು ಹನಿಯೂ ಬೀಳಲಿಲ್ಲ. ಸಂಡಿಗೆ ಬೆಳ್ಳಗೆ, ಗರಿಗರಿಯಾಗಿ ಒಣಗಿತು.

ಸೀಮಂತದ ದಿನ ಕೆಂಗೇರಿಯಲ್ಲಿ ನನ್ನ ಹೆಂಡತಿಯನ್ನು ಬೀಗರು ದಿಂಬಿಗೆ ಒರಗಿಸಿ ಕೂರಿಸಿದರು. ಪಂಕ್ತಿಯಲ್ಲಿ ಸಂಡಿಗೆ ಕಚ್ಚಿದವರು ಒಬ್ಬರ ಮುಖ ಒಬ್ಬರು ನೋಡಿ ಎಲೆಯ ಅಂಚಿಗೆ ಸರಿಸಿದರು. ಮಗಳು ಒಂದನ್ನು ಬಾಯಿಗಿಟ್ಟು ತಾಯಿಯ ಕಡೆ ನೋಡಿದಳು. ಆಮೇಲೆ ಎಲೆಯಲ್ಲಿದ್ದುದನ್ನೆಲ್ಲ ತಿಂದು, "ಅಮ್ಮಾ, ಇನ್ನೆರಡು ಹಾಕ್ಸು" ಎಂದಳು. ಇವಳು ನನ್ನ ಕಡೆ ತಿರುಗಿ, "ನೋಡಿದ್ರಾ, ಉಪ್ಪು ಹಾಕ್ಸಿದ್ದು ಒಳ್ಳೇದಾಯ್ತು" ಎಂದಳು.

ಮೊಮ್ಮಗುವನ್ನು ಅವಳು ನೋಡಲಿಲ್ಲ. ಅದು ಹುಟ್ಟುವ ಮೊದಲೇ ಹೋದಳು.

ಈ ವರ್ಷ ಶಿವರಾತ್ರಿ ಕಳೆದಾಗಿನಿಂದ ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಒಂದು ದಿನವೂ ತಪ್ಪದೆ ಬೆಳಗಿನಿಂದ ಸಂಜೆಯವರೆಗೆ ಹದವಾದ, ಒಣ ಬಿಸಿಲು, ಅವಳು ಬೇಡುತ್ತಿದ್ದಂಥದ್ದೇ. ನಿನ್ನೆ ಬಟ್ಟೆ ಒಣಗಿಸಲು ಮೇಲೆ ಹೋದೆ. ಈಗ ನನ್ನನ್ನು ಬೇಡ ಎನ್ನುವವರು ಯಾರೂ ಇಲ್ಲ. ಖಾಲಿ ತಾರಸಿಯ ತುಂಬ ಬಿಸಿಲು ಬಿದ್ದಿತ್ತು. ನೋಡುತ್ತಾ ನೋಡುತ್ತಾ ನನಗೆ ಏನಾಯಿತೋ, "ಹೋದ ವರ್ಷ ಎಲ್ಲಿ ಹಾಳಾಗಿ ಹೋಗಿದ್ದೆ ನೀನು?" ಎಂದು ಆಕಾಶಕ್ಕೆ ಮುಖ ಎತ್ತಿ ಕೂಗಿದೆ. ಎದುರುಮನೆಯಾಕೆ ಬಾಲ್ಕನಿಗೆ ಬಂದು ನೋಡಿದರು. ಮತ್ತೆ ಒಳಗೆ ಹೋದರು.