ಆಮೆಗೆ ನೂಲಿನ ಹಾಸಿಗೆ

ಗೆಳೆಯರೇ, ಇವತ್ತು ಬನಹಟ್ಟಿಯ ನಮ್ಮ ಮನೆಯಲ್ಲಿ ಆಮೆಯ ಹಾಸಿಗೆಗಾಗಿ ದೊಡ್ಡ ಜಗಳವಾಯಿತು. ಮನೆಗೆ ಲಕ್ಷ್ಮಿ ಬರುತ್ತಾಳೆಂದು ಕಾಕಾ ಹೋದ ವಾರ ಒಂದು ನಕ್ಷತ್ರ ಆಮೆ ತಂದು ಕಟ್ಟಿಗೆಯ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ನೇಕಾರರ ಮನೆಯಲ್ಲಿ ಮೆತ್ತನೆಯದೆಂದರೆ ನೂಲೇ. ಮಗ್ಗದಡಿ ಬಿದ್ದ ತುಂಡು ಎಳೆಗಳನ್ನೆಲ್ಲ ಕೂಡಿಸಿ ಅದಕ್ಕೆ ಹಾಸಿದ್ದರು.

ಬೆಳಿಗ್ಗೆ ನೋಡಿದರೆ ಒಂದು ಎಳೆ ಹಿಂಗಾಲಿಗೆ ಬಿಗಿದು ಕಾಲು ಬಾತಿತ್ತು. ಹರಿದ ಎಳೆ ಕೂಡಿಸುವುದರಲ್ಲಿ ಪಳಗಿದ ಕಾಕಿ, ಮಗ್ಗದ ಸಣ್ಣ ಕತ್ತರಿಯಿಂದ ಹುಷಾರಾಗಿ ಅದನ್ನು ಬಿಡಿಸಿದರು. ನಾನು ನೂಲನ್ನೆಲ್ಲ ತೆಗೆದೆಸೆದು ಹಿತ್ತಲಿನ ಮಣ್ಣು, ಒಣ ಹುಲ್ಲು ತುಂಬಿದೆ.

“ಲಕ್ಷ್ಮೀನ ಮಣ್ಣಾಗ ಮಲಗಸ್ತಿಯೇನಲೇ? ಪ್ರಾಣಿ ಉಳಿಸ್ರಿ ಅನ್ನೂ ನಾಕ ಹ್ಯಾಂಡಬಿಲ್ಲ ಓದಿ ಭಾಳ ಶಾಣ್ಯಾಕಿ ಆಗೀದಿ!” ಎಂದು ಕಾಕಾ ಕೂಗಾಡಿದರು.

“ಲಕ್ಷ್ಮಿ ಅಲ್ರಿ ಕಾಕಾ, ಆಮಿ. ಮಣ್ಣಾಗ ಹುಟ್ಟಿದ್ದು ಮಣ್ಣ ಕೇಳತೈತಿ. ಖರೆ ಹೇಳಬೇಕಂದ್ರ ಇದನ್ನ ಮನ್ಯಾಗ ಇಟ್ಕೊಳ್ಳೂದ ಅಪರಾಧ. ಕಾಯ್ದೆ ಐತ್ರಿ.”

“ಕಾಯ್ದೆ ನಿನ್ನ ಕೈಚೀಲದಾಗ ಇಟ್ಕೋ. ನನ್ನ ಮನ್ಯಾಗ ಬ್ಯಾಡ.”

ಅಷ್ಟರಲ್ಲಿ ಆಮೆ ಮಣ್ಣು ಕೆದರಿ, ಅರ್ಧ ಒಳಗೆ ಹೋಗಿ ಮಲಗಿಬಿಟ್ಟಿತ್ತು. ಕಾಕಿ ನಕ್ಕರು. “ನೋಡ್ರಿ, ನಿಮ್ಮ ಲಕ್ಷ್ಮಿಗೆ ಈಗ ನಿದ್ದಿ ಹತ್ತೇತಿ.”

ಆದರೆ ಈ ಮಣ್ಣಿನ ಹಾಸಿಗೆ ಒಂದು ದಿನಕ್ಕೆ ಮಾತ್ರ. ನಾಳೆ ಅರಣ್ಯ ಇಲಾಖೆಯವರನ್ನು ಕರೆಸುವವಳು ನಾನೇ. ಮುಚ್ಚಿಟ್ಟು ಮಾಡುವ ಕೆಲಸ ಇದಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಕಾಕಾ ಕೂಡ ನನ್ನ ಫ್ರೆಂಡ್ ಲಿಸ್ಟಿನಲ್ಲಿದ್ದಾರೆ. ಮನೆಯ ಹುಡುಗಿ ಬರೆದದ್ದೆಂದು ಓದದೆಯೇ ಎಲ್ಲದಕ್ಕೂ ಲೈಕ್ ಒತ್ತುತ್ತಾರೆ. ಇದಕ್ಕೂ ಮೊದಲ ಲೈಕ್ ಅವರದೇ ಇರುತ್ತದೆ.