ಬಿಸಿಲಲ್ಲಿ ಬಂದ ಪಿನಾಕಿನಿ

ಗೌರಿಬಿದನೂರಿನ ಬಳಿ ಉತ್ತರ ಪಿನಾಕಿನಿಯ ಒಣ ಪಾತ್ರದಲ್ಲಿ ಮರಳು ಲಾರಿಗಳ ಗಾಲಿಗುರುತು ಹಿಡಿದು ನಡೆಯುತ್ತಿದ್ದೆ. ಮರಳಿನ ಗುಂಡಿಯಿಂದ ಒರತೆ ನೀರು ತೋಡುತ್ತಿದ್ದ ಅಜ್ಜಿಯೊಬ್ಬರು ತಟ್ಟನೆ ಕೈ ನಿಲ್ಲಿಸಿದರು. ತೋಡಿದಷ್ಟೂ ನೀರು ಮೇಲೇರುತ್ತಿತ್ತು.

“ದಡ ಹತ್ತಪ್ಪ. ನಂದಿ ಬೆಟ್ಟದ ಕಡೆ ಮಳೆ ಬಿದ್ದೈತೆ, ಹೊಳೆ ಬರ್ತೈತೆ.”

ತಲೆಯ ಮೇಲೆ ಸುಡುಬಿಸಿಲು. “ಯಾವ ಹೊಳೆ ಅಜ್ಜಿ? ಇಲ್ಲಿ ನಾನು ನೀರೇ ನೋಡಿಲ್ಲ” ಎಂದು ನಕ್ಕೆ.

“ನೀನು ನೋಡ್ಲಿಲ್ಲಾಂದ್ರೆ ಅದು ದಾರಿ ಮರ್ತೋಗ್ತೈತಾ?” ಎನ್ನುತ್ತ ನನ್ನ ರಟ್ಟೆ ಹಿಡಿದು ಎಳೆದರು.

ನಾವು ದಡ ಹತ್ತಿದ ಸ್ವಲ್ಪ ಹೊತ್ತಿಗೇ ಕೆಂಪು ನೀರು ಕಸಕಡ್ಡಿ ತಳ್ಳುತ್ತ ಬಂದು ನಾನು ನಿಂತಿದ್ದ ಜಾಗವನ್ನು ಮುಳುಗಿಸಿತು.

ನನ್ನ ನೆನಪಿನಲ್ಲಿ ಆ ನೀರು ಸದ್ದಿಲ್ಲದೆ ಬರುತ್ತದೆ. ಸದ್ದು ಇದ್ದಿರಲೇಬೇಕು. ಒಣ ಹೊಳೆ ದಾಟುವಾಗ ಈಗಲೂ ಅದಕ್ಕಾಗಿ ಕಿವಿಗೊಡುತ್ತೇನೆ.