ಕೂಗುಮಾರಿಯ ಹೆಂಡತಿಯ ಸಾಕ್ಷಿ

ಜಡ್ಜ್ ಹೇಳಿದ ಹೆಸರನ್ನು ವರಾಂಡದಲ್ಲಿ ಮೂರು ಸಲ ಅರಚುವುದೇ ಆ ಜವಾನನ ಜೀವಮಾನದ ಕೆಲಸ. ವಕೀಲರು ಅವನಿಗೆ ಕೂಗುಮಾರಿ ಎಂದು ಹೆಸರಿಟ್ಟಿದ್ದರು. ಈಗ ಕೋರ್ಟೇ ಮೊಬೈಲಿನೊಳಗೆ ತೂರಿಕೊಂಡಿತ್ತು. ಅಡುಗೆಮನೆ ಕಿಟಕಿಗೆ ಅಡ್ಡಗೋಡೆ ಎಬ್ಬಿಸಿದ ಪಕ್ಕದ ಮನೆಯವನ ವಿರುದ್ಧ ಕೂಗುಮಾರಿಯ ಹೆಂಡತಿ ಮನೆಯಿಂದಲೇ ಸಾಕ್ಷಿ ಹೇಳಬೇಕಿತ್ತು. ಕೋಣೆಯಲ್ಲಿ ಬೇರೆ ಯಾರೂ ಇರಕೂಡದು ಎಂಬ ನಿಯಮಕ್ಕೆ ಮಣ್ಣು ಹಾಕಿ, ಉತ್ತರ ಹೇಳಿಕೊಡಲು ಗಂಡ ಬೀರುವಿನ ಹಿಂದೆ ಅವಿತಿದ್ದ.

“ಒಬ್ರೇ ಇದ್ದೀರೇನಮ್ಮಾ?” ಎಂದರು ಜಡ್ಜ್.

“ಒಬ್ಳೇ, ಸ್ವಾಮಿ.”

ಜಡ್ಜ್ ಅವಳ ಹೆಸರು ಹೇಳಿದ್ದೇ ತಡ, ಚಾಳಿ ಬಿಡದ ಕೂಗುಮಾರಿ ಬೀರುವಿನ ಹಿಂದಿನಿಂದ ಅದನ್ನು ಮೂರು ಸಲ ಗೋಡೆ ಅದುರುವಂತೆ ಕೂಗಿದ.

ಜಡ್ಜ್ ಕಿವಿ ಉಜ್ಜಿಕೊಂಡರು. “ಹೊರಗೆ ಬಾರಯ್ಯ, ಪುಣ್ಯಾತ್ಮ! ನಾಳೆ ಹೆಂಡ್ತೀನ ಕೋರ್ಟಿಗೇ ಕಳಿಸು. ನೀನು ಮಾತ್ರ ಆ ಕಡೆ ತಲೆ ಹಾಕ್ಬೇಡ.”

ಹೆಂಡತಿ ಗಂಡನತ್ತ ತಿರುಗಿದಳು. “ನಾನು ನೂರು ಸಲ ಕರೆದ್ರೂ ಓ ಅನ್ನದ ಬಾಯಿಗೆ ಇವತ್ತೇನು ಬಂದಿತ್ತು ರೋಗ?”